ಮುಗಿಯದ ಬಿಸಿನೀರು

ಹಾಸನದ ನನ್ನ ಶೆಡ್ಡಿಗೆ ಬರುವವರದು ಸಾಮಾನ್ಯವಾಗಿ ಒಂದೇ ಹಟ, ಇನ್ನೆರಡು ಸೀಟು ಹೇಗಾದರೂ ಹಿಡಿಸಿಕೊಡಿ ಅನ್ನುವುದು. ಬಸ್ಸು, ಲಾರಿ, ಟೆಂಪೊಗಳಿಗೆ ಬಾಡಿ ಕಟ್ಟುವುದು ನನ್ನ ಕಸುಬು. ಆರ್‌ಟಿಒದವರ ಕಣ್ಣು ತಪ್ಪಿಸಿ ಸೀಟು ತುರುಕಿಸುವ ಬುದ್ಧಿವಂತರನ್ನು ಬೇಕಾದಷ್ಟು ನೋಡಿದ್ದೇನೆ. ಇದ್ದ ಸೀಟನ್ನೆಲ್ಲ ಕಿತ್ತು ಬಿಸಾಕಿ ಅಲ್ಲೊಂದು ಬಚ್ಚಲು ಕಟ್ಟಿಕೊಡಿ ಎಂದು ಬಂದವರು ಮಾತ್ರ ಒಬ್ಬರೇ. ಅವರು ಹೊಳೆನರಸೀಪುರದ ಒಬ್ಬ ನಿವೃತ್ತ ಹೈಸ್ಕೂಲು ಮೇಷ್ಟ್ರು. ಎರಡು ಸಾವಿರ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ನಮ್ಮೂರ ಅಂಗಡಿಗಳಿಗೆ ಗ್ಯಾಸ್ ಗೀಸರುಗಳು ಆಗಷ್ಟೇ ಬರತೊಡಗಿದ್ದವು.

ಮೇಷ್ಟ್ರು ತಂದದ್ದು ಚನ್ನರಾಯಪಟ್ಟಣದ ಯಾವುದೋ ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಸವೆದಿದ್ದ ಹಳದಿ ಮಿನಿ ಬಸ್ಸು. ಎಂಜಿನ್ನು ಗಟ್ಟಿಯಾಗಿತ್ತು, ಬಾಡಿ ಮಾತ್ರ ಅಲ್ಲಲ್ಲಿ ಕೊಳೆತಿತ್ತು. ಅವರು ಬಂದವರೇ ಜೇಬಿನಿಂದ ಸೀಮೆಸುಣ್ಣ ತೆಗೆದು ಶೆಡ್ಡಿನ ಸಿಮೆಂಟು ನೆಲದ ಮೇಲೆ ಗಾಡಿಯ ನಕ್ಷೆ ಬರೆಯಲು ಕುಳಿತರು. ಮುಂದೆ ಡ್ರೈವರು, ಅದರ ಹಿಂದೆ ಮಂಚ, ಪಕ್ಕದಲ್ಲಿ ಅಡುಗೆಗೆ ಒಂದು ಕಟ್ಟೆ, ಹಿಂದುಗಡೆ ಬಚ್ಚಲು. ನಿವೃತ್ತರಾದ ಮೇಲೂ ಈ ಮನುಷ್ಯ ಸೀಮೆಸುಣ್ಣ ಇಟ್ಟುಕೊಂಡು ಓಡಾಡುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು. ನಾನು ನಕ್ಕಿದ್ದು ಕಂಡಿತೋ ಏನೋ, "ನಗಬೇಡಿ, ಅಳತೆ ನೋಡ್ಕೊಳ್ಳಿ" ಅಂದರು.

ಅವರ ಹೆಂಡತಿಗೆ ಹಿಂದಿನ ವರ್ಷ ಲಕ್ವ ಹೊಡೆದು ಬಲಗಡೆ ಪೂರಾ ಬಿದ್ದುಹೋಗಿತ್ತು. ಮನೆಯ ಗೋಡೆ ನೋಡಿ ನೋಡಿ ಸಾಕಾಗಿ ಆಕೆಗೆ ನಾಲ್ಕು ಕ್ಷೇತ್ರ ನೋಡಿಬರುವ ಆಸೆ. ಮೊದಲು ತವರೂರು ಕೊರವಂಗಲದ ದೇವಸ್ಥಾನ, ಆಮೇಲೆ ದೂರದ್ದು. ಆದರೆ ಆಕೆ ಸ್ನಾನ ಮಾಡದೆ ದೇವಸ್ಥಾನದ ಮೆಟ್ಟಿಲು ಹತ್ತುವವರಲ್ಲ, ಕಾಫಿಯನ್ನೂ ಮುಟ್ಟುವವರಲ್ಲ. ತಣ್ಣೀರು ಸೋಕಿಸಲೇಬಾರದು ಎಂದು ಡಾಕ್ಟರು ಹೇಳಿದ್ದರು. ಲಾಡ್ಜುಗಳ ಬಚ್ಚಲಲ್ಲಿ ಹೊಸಿಲು, ಜಾರುವ ನೆಲ, ಹಿಡಿದುಕೊಂಡು ಸ್ನಾನ ಮಾಡಿಸುವವರಿಗೆ ನಿಲ್ಲಲು ಜಾಗವಿಲ್ಲ. ಅದಕ್ಕೇ ಬಚ್ಚಲನ್ನೇ ಚಕ್ರದ ಮೇಲೆ ಕಟ್ಟಿಸಿಕೊಂಡು ಹೊರಡುವುದೆಂದು ಮೇಷ್ಟ್ರು ತೀರ್ಮಾನಿಸಿದ್ದರು.

ಅಳತೆಗೆಂದು ಒಂದು ದಿನ ಆಕೆಯನ್ನೇ ಶೆಡ್ಡಿಗೆ ಕರೆತಂದರು. ಜೊತೆಯಲ್ಲಿ ಆಕೆಯ ತಂಗಿ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದು ಸೇರಿದ್ದವರು, ಲಕ್ವ ಹೊಡೆದಂದಿನಿಂದ ಅಕ್ಕನ ಮೈ ತೊಳೆಯುವುದು, ಬಟ್ಟೆ ಉಡಿಸುವುದು ಎಲ್ಲ ಅವರದೇ. ಎಡಗಾಲು ಎಷ್ಟೆತ್ತರ ಎತ್ತಲು ಆಗುತ್ತದೆ, ಕುರ್ಚಿ ಎಷ್ಟೆತ್ತರವಿದ್ದರೆ ಒಳ್ಳೆಯದು, ಎಡಗೈಗೆ ಹಿಡಿ ಎಲ್ಲಿ ಬೇಕು ಎಂದೆಲ್ಲ ನಾನು ಗುರುತು ಮಾಡಿಕೊಂಡೆ. ನೀರಿಗೆ ಏನು ಮಾಡೋಣ, ಹಿಂದೆ ಒಂದು ತಾಮ್ರದ ಹಂಡೆ ಕೂರಿಸಿ ಕೆಳಗೆ ಸ್ಟವ್ ಇಡೋಣವೇ ಎಂದು ಕೇಳಿದೆ.

ಆಕೆಯ ಮಾತು ನಿಧಾನ, ಅರ್ಧ ಬಾಯಿಂದ ಬರುತ್ತಿತ್ತು. ಆದರೆ ಇದಕ್ಕೆ ಮಾತ್ರ ತಡವಾಗಲಿಲ್ಲ.

"ಹಂಡೆ ಬೇಡಪ್ಪ. ಹಂಡೆ ಸಹವಾಸ ಸಾಕಾಗಿದೆ ನಂಗೆ."

ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಮಾರನೆಯ ದಿನದಿಂದ ಹಂಡೆಯ ಒಲೆ ಅವರ ಪಾಲಿಗೆ ಬಂತಂತೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಊದಬೇಕು. ಮೊದಲು ಮಾವನವರ ಸ್ನಾನ, ಆಮೇಲೆ ಗಂಡ, ಮೈದುನಂದಿರು, ಅತ್ತೆ, ಮಕ್ಕಳು, ಬಂದ ನೆಂಟರು. ಸೊಸೆಯ ಸರದಿ ಕಡೆಯದು. ಅಷ್ಟು ಹೊತ್ತಿಗೆ ಹಂಡೆಯಲ್ಲಿ ಬೂದಿ ತೇಲುವ ಉಗುರುಬೆಚ್ಚಗಿನ ತಳ. ಹೊಸ ನೀರು ಹುಯ್ದರೆ ಕಾಯಲು ಕೆಂಡವಿಲ್ಲ, ಇನ್ನೊಂದು ಸೌದೆ ಇಟ್ಟರೆ ಅಡುಗೆಗೆ ಹೊತ್ತಾಯಿತು ಎಂಬ ಕೂಗು.

"ಇಷ್ಟು ವರ್ಷ ಆಯ್ತು, ಒಂದು ದಿನಾನೂ ಸಾಕು ಅನ್ನಿಸೋವರ್ಗೂ ಹುಯ್ಕೊಂಡಿಲ್ಲ ನಾನು," ಅಂದರು. "ಹಾಸನದಲ್ಲಿ ನಮ್ಮ ನೆಂಟರ ಮನೇಲಿ ಗ್ಯಾಸಿಂದು ಹಾಕ್ಸಿದಾರೆ. ನಲ್ಲಿ ತಿರುಗ್ಸಿ ಕೈ ಇಟ್ಕೊಂಡೇ ಇದ್ದೆ. ಮುಗೀಲೇ ಇಲ್ಲ ಕಣಪ್ಪ. ಅದನ್ನ ಹಾಕ್ಕೊಡು."

ಹೇಳಿ ನಕ್ಕರು. ನಗು ಮುಖದ ಒಂದೇ ಕಡೆಗೆ ಬಂತು. ಮೇಷ್ಟ್ರು ಅಷ್ಟು ಹೊತ್ತೂ ತಾವು ಬರೆದ ನಕ್ಷೆಯನ್ನೇ ನೋಡುತ್ತಿದ್ದರು. ನನಗೆ ನನ್ನ ಮನೆಯವಳ ನೆನಪಾಯಿತು; ನಮ್ಮಲ್ಲೂ ಕಡೆಯ ಸ್ನಾನ ಅವಳದೇ, ನಾನು ಯಾವತ್ತೂ ಅದನ್ನು ಯೋಚಿಸಿದವನಲ್ಲ. ಗೀಸರನ್ನೇ ಇಡೋಣಮ್ಮ ಎಂದೆ.

ಬಾಡಿ ಕೆಲಸದಲ್ಲಿ ತೊಂದರೆ ಬರಲಿಲ್ಲ. ನನ್ನ ವೆಲ್ಡಿಂಗ್ ಮಿಸ್ತ್ರಿ ಅರಕಲಗೂಡು ಕಡೆಯವನು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೊಳೆತ ತಗಡು ಕತ್ತರಿಸಿ ಹೊಸದು ಕೂರಿಸಿದೆವು. ಬಚ್ಚಲಿಗೆ ಕಾಲು ಜಾರದಂತೆ ಉಬ್ಬುಗೆರೆಯ ಅಲ್ಯೂಮಿನಿಯಂ ತಗಡು ಹಾಸಿ, ಒಂದು ಮೂಲೆಗೆ ಇಳಿಜಾರು ಕೊಟ್ಟೆವು. ಗಾಡಿ ನಿಂತ ಜಾಗ ವಾರೆಯಾಗಿದ್ದರೆ ನೀರು ಎದುರು ಮೂಲೆಗೆ ಹೋಗಿ ನಿಲ್ಲುತ್ತದೆಂದು ಆಮೇಲೆ ಹೊಳೆದು, ಅಲ್ಲೂ ಒಂದು ತೂತು ಕೊರೆದೆವು. ಕಬ್ಬಿಣದ ಕುರ್ಚಿಯನ್ನು ನೆಲಕ್ಕೇ ಬೆಸೆದು, ಅದರ ಹಿಂದೆ ತಂಗಿ ನಿಲ್ಲುವಷ್ಟು ಜಾಗ ಬಿಟ್ಟೆವು. ಗಾಡಿಯ ಹಿಂಬಾಗಿಲಿಗೆ ಗಾಲಿಕುರ್ಚಿ ಹತ್ತುವ ಹಲಗೆ.

ಗೀಸರ್ ಮಾತ್ರ ಕಾಡಿತು. ಅದರಲ್ಲಿ ನೀರು ತುಂಬಿಡುವ ಟ್ಯಾಂಕೇ ಇಲ್ಲ. ಗೋಡೆಗೆ ನೇತುಹಾಕುವ ಒಂದು ಡಬ್ಬ, ಒಳಗೆ ಸುತ್ತಿಕೊಂಡ ತಾಮ್ರದ ಕೊಳವೆ, ಅದರ ಕೆಳಗೆ ಬರ್ನರ್. ಕೊಳವೆಯಲ್ಲಿ ನೀರು ಓಡಿದರೆ ಟಕಟಕ ಕಿಡಿ ಹಾರಿ ತಾನೇ ಹತ್ತಿಕೊಳ್ಳುತ್ತದೆ, ನೀರು ನಿಂತರೆ ಆರುತ್ತದೆ. ತುಂಬಿಟ್ಟ ನೀರಲ್ಲವಾದ್ದರಿಂದ ಖಾಲಿಯಾಗುವ ಮಾತಿಲ್ಲ. ಮೇಲೆ ತೊಟ್ಟಿಯಲ್ಲಿ ನೀರು, ಸಿಲಿಂಡರಿನಲ್ಲಿ ಗ್ಯಾಸು ಇರುವಷ್ಟು ಹೊತ್ತೂ ಬಿಸಿ ಬರುತ್ತಲೇ ಇರುತ್ತದೆ. ಮಾರಿದ ಅಂಗಡಿಯವನು, "ಮನೆಗಳಿಗೆ ಕೊಟ್ಟಿದೀನಿ ಸಾ, ಗಾಡಿಗೆ ಕೊಟ್ಟಿಲ್ಲ. ಗಾಳಿ ಆಡೋ ಅಂಗೆ ನೋಡ್ಕಳಿ" ಎಂದಷ್ಟೇ ಹೇಳಿದ್ದ.

ಟಾಪಿನ ಮೇಲಿಟ್ಟ ತೊಟ್ಟಿಯಿಂದ ಬರುವ ನೀರಿಗೆ ಅದನ್ನು ಹೊತ್ತಿಸುವಷ್ಟು ಒತ್ತಡವಿರಲಿಲ್ಲ. ಬ್ಯಾಟರಿಯ ಮೇಲೆ ಓಡುವ ಚಿಕ್ಕ ಪಂಪು ಹಾಕಿದೆವು. ಪಂಪು ತಡೆತಡೆದು ನೂಕುತ್ತಿತ್ತು, ಜ್ವಾಲೆ ಹತ್ತುವುದು ಆರುವುದು ಮಾಡುತ್ತಿತ್ತು. ನಡುವೆ ಒಂದು ದಪ್ಪ ಪೈಪಿನ ತುಂಡನ್ನು ತಲೆ ಮುಚ್ಚಿ ನಿಲ್ಲಿಸಿ, ಅದರೊಳಗೆ ಗಾಳಿ ಉಳಿಯುವಂತೆ ಮಾಡಿದ ಮೇಲೆ ನೀರು ಒಂದೇ ಸಮ ಬಂತು. ಗಾಡಿಯನ್ನು ಅರಕಲಗೂಡು ರಸ್ತೆಯ ಹಳ್ಳದಿಣ್ಣೆಗಳಲ್ಲಿ ಓಡಿಸಿ ತಂದಾಗ ಗ್ಯಾಸಿನ ನಟ್ಟು ಸಡಿಲವಾಗಿ ವಾಸನೆ ಬಂತು. ಗಟ್ಟಿ ಕೊಳವೆ ತೆಗೆದು ಬಳುಕುವ ಪೈಪು ಹಾಕಿ, ಸೋಪಿನ ನೊರೆ ಬಳಿದು ಒಂದೊಂದು ಕೀಲನ್ನೂ ನೋಡಿದೆವು. ಸಿಲಿಂಡರಿಗೆ ಗಾಡಿಯ ಹೊರಮೈಯಲ್ಲೇ ಪೆಟ್ಟಿಗೆ ಕಟ್ಟಿ, ಸೋರಿದ ಗ್ಯಾಸು ಕೆಳಕ್ಕೆ ಹೋಗುವಂತೆ ತಳದಲ್ಲಿ ತೂತು ಬಿಟ್ಟೆವು. ಬಚ್ಚಲಿಗೆ ಗಾಳಿಕಿಂಡಿ ಎರಡು, ನೆಲದ ಹತ್ತಿರ ಒಂದು, ಚಾವಣಿಯ ಹತ್ತಿರ ಒಂದು, ಎರಡಕ್ಕೂ ಜಾಲರಿ. ಅಂಗಡಿಯವನು ಹೇಳಿದ್ದು ಅಷ್ಟೇ, ನಾವು ಮಾಡಿದ್ದೂ ಅಷ್ಟೇ. ಎಲ್ಲ ಮುಗಿಯಿತು ಅಂದುಕೊಂಡೆ.

ಅಕ್ಕನನ್ನು ಕೂರಿಸುವ ಮೊದಲು ನಾನೇ ನೋಡುತ್ತೇನೆಂದು ತಂಗಿ ಬಂದರು. ಬಚ್ಚಲು ಬೆಚ್ಚಗಾಗಲಿ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ನೀರು ಬಿಟ್ಟು, ಬಕೆಟ್ಟು ತುಂಬಿಸಿ, ಕುರ್ಚಿ ತೊಳೆದು ಏನೇನೋ ಮಾಡುತ್ತಿದ್ದರು. ಮೇಷ್ಟ್ರೂ ನಾನೂ ಹೊರಗೆ ಕಾಫಿ ಕುಡಿಯುತ್ತಿದ್ದೆವು. ಒಳಗೆ ಏನೋ ಬಿದ್ದ ಸದ್ದಾಯಿತು. ಬಾಗಿಲು ತೆಗೆದರೆ ಆಕೆ ಕುರ್ಚಿಗೆ ಒರಗಿ ಕುಸಿದಿದ್ದಾರೆ, ನೀರು ಸುರಿಯುತ್ತಲೇ ಇದೆ. ಮಿಸ್ತ್ರಿಯೂ ನಾನೂ ಎತ್ತಿ ತಂದು ಹೊರಗಿನ ಗಾಳಿಯಲ್ಲಿ ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು.

"ಏನಿಲ್ಲ ಭಾವ, ಇವತ್ತು ಏಕಾದಶಿ ಅಲ್ವೆ. ಬೆಳಗಿಂದ ತೊಟ್ಟು ನೀರೂ ಕುಡ್ದಿಲ್ಲ. ತಲೆ ಸುತ್ತು ಬಂತು ಅಷ್ಟೆ."

"ಬಿಸಿನೀರಿನ ಹಬೆ, ಖಾಲಿ ಹೊಟ್ಟೆ. ಪಿತ್ತ ಏರಿರತ್ತೆ," ಎಂದರು ಮೇಷ್ಟ್ರು.

ನನಗೂ ಅದು ಸರಿ ಅನ್ನಿಸಿತು. ಏಕಾದಶಿಯ ದಿನ ತಲೆ ಸುತ್ತಿ ಬೀಳುವವರನ್ನು ಮಡಿವಂತರ ಮನೆಗಳಲ್ಲಿ ಯಾರೂ ಬೇರೆ ಕಾರಣ ಕೇಳುವುದಿಲ್ಲ. ಅವರು ಹೊರಟುಹೋದ ಮೇಲೆ ಮಿಸ್ತ್ರಿ ಬಚ್ಚಲು ಒರೆಸಲು ಹೋದವನು ಕರೆದ.

"ಇಲ್ ಬಾ ಅಣ್ಣ, ಈ ಎಂಗಸ್ರ ಕೆಲ್ಸ ನೋಡು."

ಎರಡು ಕಿಂಡಿಗೂ ಹಳೆಯ ಸೀರೆಯ ತುಂಡುಗಳನ್ನು ಮಡಿಸಿ, ಎಲ್ಲೂ ಸಂದಿ ಉಳಿಯದಂತೆ, ಅಚ್ಚುಕಟ್ಟಾಗಿ ತುರುಕಿದ್ದರು. ಮನೆಯಿಂದಲೇ ಅದಕ್ಕೆಂದು ತಂದಿದ್ದಿರಬೇಕು. ನಮ್ಮ ಕಡೆ ಬಾಣಂತಿಯ ಕೋಣೆಗೂ ಕಾಯಿಲೆಯವರ ಬಚ್ಚಲಿಗೂ ಹೀಗೇ ಮಾಡುತ್ತಾರೆ. ಬಿಸಿನೀರು ಬಿದ್ದ ಮೈಗೆ ಗಾಳಿ ತಾಗಬಾರದು. ನನ್ನ ತಾಯಿಯೂ ಇದನ್ನೇ ಮಾಡುತ್ತಿದ್ದಳು.

ಆ ತಂಗಿಯ ತಲೆಸುತ್ತಿನ ಯೋಚನೆ ನನ್ನನ್ನು ಬಿಡಲಿಲ್ಲ. ಸೈಲೆನ್ಸರ್ ತೂತುಬಿದ್ದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರು ಹೊಗೆ ಕುಡಿದು ತಲೆನೋವು, ವಾಂತಿ ಎಂದು ಒದ್ದಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಥ ಬಸ್ಸುಗಳ ನೆಲ ಮುಚ್ಚುವುದು ನನ್ನದೇ ಕೆಲಸ. ಮಾರನೆಯ ದಿನ ಹೊಟ್ಟೆ ತುಂಬ ಮುದ್ದೆ ಉಂಡು, ಕಿಂಡಿಗಳಿಗೆ ಅದೇ ಸೀರೆ ತುಂಡು ತುರುಕಿ, ಬಾಗಿಲು ಹಾಕಿಕೊಂಡು ನಾನೇ ಒಳಗೆ ಕೂತೆ. ಬಾಗಿಲ ಹತ್ತಿರ ನಿಂತು ಆಗಾಗ ಬಡಿದು ನನ್ನ ಹೆಸರು ಕೂಗುತ್ತಿರು ಎಂದು ಮಿಸ್ತ್ರಿಗೆ ಹೇಳಿದ್ದೆ. ಮೊದಲು ಜ್ವಾಲೆ ನೀಲಿಯಾಗಿ ಸಣ್ಣಗೆ ಉರಿಯುತ್ತಿತ್ತು. ಬರಬರುತ್ತ ತುದಿ ಹಳದಿಗೆ ತಿರುಗಿ ಉದ್ದವಾಗಿ ತೂರಾಡಲು ಶುರುವಾಯಿತು. ಆಮೇಲೆ ಕಣತಲೆಗಳಲ್ಲಿ ಅದೇ ಬಸ್ಸಿನ ಹಿಂದಿನ ಸೀಟಿನ ನೋವು, ಕೈಕಾಲಿನಲ್ಲಿ ಶಕ್ತಿಯೇ ಇಲ್ಲದ ಹಾಗೆ. ಬಾಗಿಲು ತೆಗೆದು ಹೊರಗೆ ಬಂದು ಮಣ್ಣಿನ ಮೇಲೆ ಕೂತುಬಿಟ್ಟೆ. ಇದು ಏಕಾದಶಿ ಅಲ್ಲ ಕಣೋ ಎಂದೆ. ಮಿಸ್ತ್ರಿ ನೀರು ತಂದುಕೊಟ್ಟ.

ಅಲ್ಲಿಗೇ ಕೈಬಿಡಬಹುದಿತ್ತು. ಆದರೆ ಮೇಷ್ಟ್ರ ಹೆಂಡತಿ ನಲ್ಲಿಯ ಕೆಳಗೆ ಕೈಯಿಟ್ಟುಕೊಂಡ ಕಥೆ ನನ್ನ ತಲೆಯಲ್ಲಿತ್ತು. ಮಿಸ್ತ್ರಿಯ ಮನೆಯವರು ಹೊಗೆಸೊಪ್ಪು ಬೆಳೆಯುವವರು. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಇರುವ ಹಾಗೆ ಗೀಸರಿನ ತಲೆಯ ಮೇಲಿಂದ ಟಾಪಿನ ಹೊರಕ್ಕೆ ಹೊಗೆ ಕೊಳವೆ ಎಬ್ಬಿಸೋಣ ಎಂದ. ಎಬ್ಬಿಸಿದೆವು. ಕಿಂಡಿ ತೆರೆದಿದ್ದಾಗ ಚೆನ್ನಾಗಿ ಎಳೆಯಿತು. ಮುಚ್ಚಿ ನೋಡಿದರೆ ಮತ್ತೆ ಹಳದಿ ಜ್ವಾಲೆ.

"ಒಳೀಕೆ ಗಾಳಿ ಬರ್ದೆ ಇದ್ರೆ ಒರೀಕೆ ಎಂಗ್ ಓಯ್ತದಣ್ಣ," ಅಂದ. "ಬ್ಯಾರನ್ನಲ್ಲೂ ಅಂಗೇಯ."

ಗೀಸರಿನ ಡಬ್ಬವನ್ನು ಗಾಡಿಯ ಹೊರಗೋಡೆಗೆ ಹಾಕಿಯೂ ನೋಡಿದೆವು. ಆಷಾಢದ ಗಾಳಿ ಬೀಸುತ್ತಿತ್ತು. ತಗಡಿನ ಮರೆ ಎಷ್ಟು ಕಟ್ಟಿದರೂ ಜ್ವಾಲೆ ನಿಲ್ಲಲಿಲ್ಲ. ಆರಿದ ಕೂಡಲೇ ನಲ್ಲಿಯಲ್ಲಿ ಐಸಿನಂಥ ನೀರು. ಸೋಪು ಹಚ್ಚಿ ಕೂರಿಸಿದ ಲಕ್ವದವರ ಬೆನ್ನಿಗೆ ಅದು ಬಿದ್ದರೆ ಆಗುವುದನ್ನು ಯೋಚಿಸಿ, ಮತ್ತೆ ಒಳಗೇ ತಂದು ಕೂರಿಸಿದೆ. ಉಳಿದದ್ದು ಒಂದೇ ದಾರಿ. ಕಿಂಡಿಗಳನ್ನು ಇನ್ನೂ ದೊಡ್ಡದು ಮಾಡಿ, ಅವನ್ನು ಮುಚ್ಚಬಾರದೆಂದು ಅವರಿಗೆ ಬಿಡಿಸಿ ಹೇಳುವುದು. ಹೇಳಿದೆ. ಹೊಳೆನರಸೀಪುರಕ್ಕೆ ಬಸ್ಸು ಹತ್ತಿಹೋಗಿ ಅವರ ನಡುಮನೆಯಲ್ಲಿ ಕೂತು ಹೇಳಿದೆ. ಗಾಳಿ ಕೆಟ್ಟು ಪ್ರಾಣಕ್ಕೇ ಬರುತ್ತದೆ, ಬಟ್ಟೆ ತುರುಕಲೇಬೇಡಿ ಎಂದೆ. ಮೇಷ್ಟ್ರು ಪಾಠ ಒಪ್ಪಿಸಿಕೊಳ್ಳುವ ಹಾಗೆ ಎರಡೆರಡು ಸಲ ಕೇಳಿ ತಿಳಿದುಕೊಂಡರು. ತಂಗಿ ಆಯ್ತು ಎಂದರು.

ಆ ವಾರವೇ ಅಕ್ಕನನ್ನು ಕರೆದುಕೊಂಡು ಮೇಷ್ಟ್ರೂ ತಂಗಿಯೂ ಶೆಡ್ಡಿಗೆ ಬಂದರು. ಅವತ್ತು ಪೂರ್ತಿ ಸ್ನಾನವಲ್ಲ, ಕೂರಿಸಿ ಕಾಲಿಗೆ ನೀರು ಬಿಟ್ಟು ನೋಡುವುದು. ಗಾಲಿಕುರ್ಚಿ ಹಲಗೆ ಹತ್ತಿತು, ಆಕೆ ಕಬ್ಬಿಣದ ಕುರ್ಚಿಯ ಮೇಲೆ ಕೂತರು, ಹಿಡಿ ಸರಿಯಾಗಿ ಎಡಗೈಗೇ ಸಿಕ್ಕಿತು. ನಾನು ಸಿಲಿಂಡರಿನ ವಾಲ್ವು ತಿರುಗಿಸಿ ಗ್ಯಾಸು ಬಿಟ್ಟು ಬಂದು ಹಿಂಬಾಗಿಲಿಂದ ಬಗ್ಗಿ ನೋಡಿದೆ. ಕಿಂಡಿಗಳು ಕಾಣಲಿಲ್ಲ. ಆಕೆಯ ಬೆನ್ನಿಗೆ ಈ ಮೂಲೆಯಿಂದ ಆ ಮೂಲೆಗೆ ಒಂದು ದಪ್ಪ ಕಂಬಳಿ ಕಟ್ಟಿತ್ತು, ಗೋಡೆಗೆ ಅಂಟಿಕೊಂಡ ಹಾಗೆ.

"ಏನಮ್ಮಾ ಇದು, ಅಷ್ಟು ಹೇಳಿದ್ನಲ್ಲ."

"ನೀವು ಬಟ್ಟೆ ತುರುಕ್ಬೇಡಿ ಅಂದ್ರಿ, ತುರುಕಿಲ್ಲ," ಎಂದರು ತಂಗಿ. "ಅಡ್ಡ ಕಟ್ಟಿದೀನಿ ಅಷ್ಟೆ. ಹೊರಗೆ ಗಾಳಿ ಹೆಂಗೆ ಬೀಸ್ತಿದೆ ನೋಡಿ. ಒದ್ದೆ ಮೈಗೆ ತಾಗಿ ಇನ್ನೊಂದು ಕೈನೂ ಬಿದ್ದುಹೋದ್ರೆ ಯಾರು ಹೊಣೆ?"

ತಂಗಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಹಟವೂ ಅಲ್ಲ. ಅಕ್ಕನನ್ನು ಉಳಿಸಿಕೊಳ್ಳುವುದು ಹೇಗೆಂದು ತನಗೆ ಗೊತ್ತಿದ್ದ ಹಾಗೆ ಮಾಡುತ್ತಿದ್ದರು. ಕಿಂಡಿ ಎಷ್ಟು ದೊಡ್ಡದು ಮಾಡಿದರೆ ಅಷ್ಟು ದೊಡ್ಡ ಕಂಬಳಿ ಬರುತ್ತದೆ. ಇಲ್ಲಿ ನನ್ನ ಕಣ್ಣೆದುರು ಬಿಚ್ಚಿಸಬಹುದು. ಎಲ್ಲೋ ದೂರದ ಊರಿನ ಚಳಿಯಲ್ಲಿ, ಯಾವುದೋ ಛತ್ರದ ಮುಂದೆ ಗಾಡಿ ನಿಂತಾಗ ಯಾರು ಬಿಚ್ಚಿಸುವವರು? ಬಚ್ಚಲೊಳಗೆ ಇಬ್ಬರೂ ಇರುತ್ತಾರೆ, ಬಾಗಿಲು ಹಾಕಿರುತ್ತದೆ, ಮೇಷ್ಟ್ರು ಹೊರಗೆ ಪೇಪರು ಓದುತ್ತಿರುತ್ತಾರೆ. ಅದನ್ನೆಲ್ಲ ಒಂದೇ ಸಲಕ್ಕೆ ಕಂಡ ಹಾಗಾಯಿತು.

ಅಷ್ಟರಲ್ಲಿ ಕುರ್ಚಿಯಲ್ಲಿದ್ದ ಅಕ್ಕ ನಲ್ಲಿಯ ಕಡೆ ಎಡಗೈ ಚಾಚಿದ್ದರು. ನಾನು ಹಿಂದಕ್ಕೆ ಹೋಗಿ ಸಿಲಿಂಡರಿನ ವಾಲ್ವು ಮುಚ್ಚಿದೆ.

ಮೇಷ್ಟ್ರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಶೆಡ್ಡಿನ ಮುಂದೆ ನಿಲ್ಲಿಸಿಕೊಂಡು ಕೇಳಿದರು.

"ಏನ್ರೀ, ನಿಮ್ಮ ಕೆಲಸ ಬಾಡಿ ಕಟ್ಟೋದು. ಕಟ್ಕೊಡಿ. ಒಳಗೆ ಹೆಂಗಿರ್ಬೇಕು ಅನ್ನೋದು ನಮಗೆ ಬಿಡಿ."

"ಆಗಲ್ಲ ಸಾ. ಅದನ್ನ ಒಳಗಿಟ್ಟು ಗಾಡಿ ಕಳಿಸೋಕೆ ನನ್ ಕೈಲಾಗಲ್ಲ."

"ನಾನು ನಿಂತು ನೋಡ್ಕೋತೀನಿ ಅಂತ ಹೇಳ್ತಿದೀನಿ."

"ನೀವು ಒಂದಿನ ನೋಡ್ಕೋತೀರಿ, ಎರಡು ದಿನ ನೋಡ್ಕೋತೀರಿ. ಹೆಣ್ಮಕ್ಕಳು ಬಚ್ಚಲ ಬಾಗಿಲು ಹಾಕ್ಕೊಂಡ ಮೇಲೆ ಏನ್ ನೋಡ್ತೀರಿ ಸಾ?"

"ಅವಳು ಕೇಳಿದ್ದು ಅದೊಂದೇ," ಎಂದರು. ದನಿ ಇಳಿದಿತ್ತು. "ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ."

ಬೇರೆ ಶೆಡ್ಡಿಗೆ ಬೇಕಾದರೆ ಒಯ್ಯಿರಿ, ನಾನು ಮಾತ್ರ ಗೀಸರು ಬಿಚ್ಚಿಯೇ ಕೊಡುತ್ತೇನೆ ಎಂದೆ. ಮೇಷ್ಟ್ರು ಗಾಡಿಯ ಕಡೆ ತಿರುಗಿದರು. ತಂಗಿ ಅವತ್ತು ಕುಸಿದು ಬಿದ್ದದ್ದು ಅವರಿಗೂ ಮರೆತಿರಲಿಲ್ಲ. ಕಡೆಗೆ, ನೀವೇ ಅವಳಿಗೆ ಹೇಳಿ, ನನಗೆ ಹೇಳಲಿಕ್ಕಾಗಲ್ಲ ಎಂದರು.

ನಾನು ಹೋಗಿ ಹೇಳಿದೆ. ಆಕೆ ಇನ್ನೂ ಅದೇ ಕುರ್ಚಿಯ ಮೇಲಿದ್ದರು. ಗ್ಯಾಸಿನದು ಬೇಡಮ್ಮ, ಜೀವಕ್ಕೆ ಅಪಾಯ, ನೀರು ಕಾಯಿಸಿ ತುಂಬಿಡುವಂಥದ್ದು ದೊಡ್ಡದಾಗಿ ಮಾಡಿಕೊಡ್ತೀನಿ ಎಂದೆ.

"ಹಂಡೇನಾ?" ಎಂದರು.

ಹೌದೆಂದು ತಲೆಯಾಡಿಸಿದೆ. ತಂಗಿ ಸೆರಗಿನಿಂದ ಆಕೆಯ ಬಾಯಿ ಒರೆಸಿದರು. ಗಾಡಿ ಇಳಿಸಿ ಕರೆದೊಯ್ಯುವಾಗಲೂ ನನ್ನ ಕಡೆ ನೋಡಲಿಲ್ಲ. ಕಸುಬಿನಲ್ಲಿ ಬೈಸಿಕೊಂಡಿದ್ದೇನೆ, ಜಗಳ ಆಡಿದ್ದೇನೆ. ಅವತ್ತಿನಷ್ಟು ಸಂಕಟ ಯಾವತ್ತೂ ಪಟ್ಟವನಲ್ಲ.

ಸ್ಟೇನ್‌ಲೆಸ್ ಸ್ಟೀಲಿನ ಡ್ರಮ್ಮು ಮಾಡಿದೆವು. ಬಚ್ಚಲ ಗೋಡೆಗೂ ಹಿಂಬಾಗಿಲಿಗೂ ನಡುವೆ, ಗಾಲಿಕುರ್ಚಿಗೆ ದಾರಿ ಬಿಟ್ಟು, ಎತ್ತರದಲ್ಲಿ ಕೂರಿಸಿ, ಬಿಸಿ ಆರದಂತೆ ಸುತ್ತ ಗಾಜಿನ ಹತ್ತಿ ಸುತ್ತಿ, ಮೇಲೆ ತಗಡು ಹೊದಿಸಿದೆವು. ಗಾಡಿ ನಿಲ್ಲಿಸಿ, ಹಿಂಬಾಗಿಲು ತೆರೆದು, ಹೊರಗಿನಿಂದಲೇ ಕೆಳಗೆ ಸ್ಟವ್ ಸರಿಸಿ ಹೊತ್ತಿಸಬೇಕು. ಕಾದ ಮೇಲೆ ಸ್ಟವ್ ಹೊರಗೆ ತೆಗೆದ ಹೊರತು ಬಚ್ಚಲಿಗೆ ನೀರು ಬಿಡುವ ಕೀಲಿ ತಿರುಗದ ಹಾಗೆ ಮಿಸ್ತ್ರಿ ಒಂದು ಅಡ್ಡಸರಳು ಬೆಸೆದ. ಈಗ ಅವರು ಎಷ್ಟು ಕಂಬಳಿ ಬೇಕಾದರೂ ಕಟ್ಟಿಕೊಳ್ಳಬಹುದಿತ್ತು. ಡ್ರಮ್ಮನ್ನು ಆದಷ್ಟು ದೊಡ್ಡದು ಮಾಡಲು ನೋಡಿದೆ. ಇನ್ನೂ ದೊಡ್ಡದಾದರೆ ಹಿಂದಿನ ಆಕ್ಸೆಲ್ ಮೇಲೆ ಭಾರ ಹೆಚ್ಚಾಗಿ ತಿರುವುಗಳಲ್ಲಿ ಗಾಡಿ ವಾಲುತ್ತಿತ್ತು. ಒಬ್ಬರು ಧಾರಾಳವಾಗಿ ಸ್ನಾನ ಮಾಡಬಹುದಾದಷ್ಟು ನೀರು. ಮೇಷ್ಟ್ರಿಗೆ ಅದನ್ನೇ ಹೇಳಿದೆ. ಇದು ಪೂರ್ತಿ ಅಮ್ಮಾವ್ರಿಗೇ ಸಾ, ನೀವಿಬ್ಬರೂ ಬೇರೆ ನೋಡ್ಕಳಿ.

ಶ್ರಾವಣದ ಒಂದು ಸೋಮವಾರ ಕೊರವಂಗಲಕ್ಕೆ ಹೊರಟರು. ಮೊದಲ ಪ್ರಯಾಣ, ಏನಾದರೂ ಕೈಕೊಟ್ಟರೆ ಇರಲಿ ಎಂದು ನಾನೂ ಜೊತೆಗೆ ಹೋದೆ. ದೇವಸ್ಥಾನಕ್ಕೆ ಸ್ವಲ್ಪ ಈಚೆ, ಕೈಪಂಪಿನ ಹತ್ತಿರ ಗಾಡಿ ನಿಲ್ಲಿಸಿದೆವು. ಆಕೆ ಕಿಟಕಿಯಿಂದ ಊರು ನೋಡುತ್ತಿದ್ದರು, ಕಣ್ಣು ತುಂಬಿತ್ತು. ಸ್ಟವ್ ಹೊತ್ತಿಸಿ, ಕಾಯಿಸಿ, ಹೊರಗೆ ತೆಗೆದೆ. ತಂಗಿ ಕಂಬಳಿ ಕಟ್ಟಿ, ಅಕ್ಕನನ್ನು ಕೂರಿಸಿ ಬಾಗಿಲು ಹಾಕಿಕೊಂಡರು. ಚೊಂಬಿನ ಸದ್ದು ಕೇಳತೊಡಗಿತು. ಮೇಷ್ಟ್ರೂ ನಾನೂ ಹೊರಗೆ ನಿಂತಿದ್ದೆವು. ತಗಡಿನ ಗೋಡೆ, ಒಳಗಿನ ಮಾತೆಲ್ಲ ಹೊರಗೆ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೇ ಚೊಂಬಿನ ಸದ್ದು ನಿಂತಿತು.

"ಸಾಕು ಕಣೇ," ಎಂದರು ಆಕೆ.

"ಇನ್ನೂ ಅರ್ಧಕ್ಕರ್ಧ ಇದೆ ಅಕ್ಕ. ಬೆನ್ನಿಗೆ ಹುಯ್ತೀನಿ, ಬಗ್ಗು."

"ಬೇಡ. ಅವರದ್ದಿನ್ನೂ ಆಗಿಲ್ಲ. ನಿಂದೂ ಆಗಿಲ್ಲ."

ಮೇಷ್ಟ್ರು ಗೋಡೆಯ ಹತ್ತಿರ ಹೋಗಿ ಕೂಗಿದರು. "ನಂದಾಯ್ತು ಕಣೇ. ಅಷ್ಟೂ ನಿಂಗೇ ಇರೋದು. ಹುಯ್ಕೋ."

"ಯಾವಾಗ ಆಯ್ತು? ಸುಳ್ಳು ಹೇಳ್ಬೇಡಿ."

ಮೇಷ್ಟ್ರು ನನ್ನ ಮುಖ ನೋಡಿದರು. ಅವರು ಅವತ್ತು ಮನೆಯಲ್ಲಿ ಸ್ನಾನ ಮಾಡಿ ಹೊರಟಿರಲಿಲ್ಲ. ಊರು ಮುಟ್ಟಿದ ಮೇಲೆ ಮಾಡಿದರಾಯಿತೆಂದು ಪಂಚೆ ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಆಮೇಲೆ ಅವರು ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸೀದಾ ಕೈಪಂಪಿಗೆ ಹೋಗಿ, ಬಕೆಟ್ಟು ಇಟ್ಟು, ತಾವೇ ಹೊಡೆದು ತುಂಬಿಸಿದರು. ಜೀವಮಾನದಲ್ಲಿ ತಮ್ಮ ಸ್ನಾನದ ನೀರನ್ನು ತಾವೇ ತುಂಬಿಕೊಂಡವರಂತೆ ಕಾಣಲಿಲ್ಲ, ಹಿಡಿ ಹಿಡಿಯುವುದೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಹೋಗಿ ಹೊಡೆಯುತ್ತೇನೆಂದರೆ ಬಿಡಲಿಲ್ಲ. ಷರಟು ಬಿಚ್ಚದೆ ಬಕೆಟ್ಟನ್ನು ಹಾಗೇ ತಲೆಯ ಮೇಲೆ ಸುರಿದುಕೊಂಡರು. ಶ್ರಾವಣದ ಮೋಡ, ಬಿಸಿಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು. ತೊಟ್ಟಿಕ್ಕುತ್ತ ಬಂದು ಬಾಗಿಲು ಬಡಿದರು.

"ನೋಡ್ಕೋ, ಆಯ್ತು ನಂದು. ಇನ್ನಾದ್ರೂ ಹುಯ್ಕೊಳ್ಳೇ."

ತಂಗಿ ಬಾಗಿಲನ್ನು ಒಂದಿಷ್ಟು ಸರಿಸಿ ಅವರನ್ನು ನೋಡಿ ಒಳಗೆ ತಿರುಗಿ ಹೇಳಿದರು. "ಭಾವ ತಣ್ಣೀರು ಹುಯ್ಕೊಂಡ್ಬಿಟ್ಟಿದಾರೆ ಅಕ್ಕ. ಬಟ್ಟೆ ಸಮೇತ."

ಒಳಗೆ ಚೊಂಬು ಕೆಳಗಿಟ್ಟ ಸದ್ದಾಯಿತು. ಆಮೇಲೆ ಆಕೆಯ ದನಿ ಬಂತು, ಗಾಬರಿಯಲ್ಲಿ ಮಾತು ಇನ್ನಷ್ಟು ತೊದಲುತ್ತಿತ್ತು.

"ಈ ವಯಸ್ಸಲ್ಲಿ ತಣ್ಣೀರು ಹುಯ್ಕೊಂಡ್ರೆ ಎದೆ ಕಟ್ಕೊಳ್ಳಲ್ವೆ? ಇರೋ ಬಿಸಿನೀರು ಪೂರ್ತಿ ಬಕೆಟ್ಟಿಗೆ ಬಿಟ್ಟು ಕೊಡೇ ಅವರಿಗೆ. ಮೊದ್ಲು ತಲೆಗೆ ಹುಯ್ಕೊಳ್ಳಕ್ಕೆ ಹೇಳು."

ತಂಗಿ ಬೇಡವೆಂದರೂ ಕೇಳಲಿಲ್ಲ. ಡ್ರಮ್ಮಿನಲ್ಲಿದ್ದದ್ದೆಲ್ಲ ಬಕೆಟ್ಟಿಗಿಳಿದು ಬಾಗಿಲ ಸಂದಿಯಿಂದ ಹೊರಗೆ ಬಂತು. ಮೇಷ್ಟ್ರು ಹಬೆಯಾಡುವ ಆ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ಹುಯ್ಕೊಂಡ್ರಾ ಎಂದು ಒಳಗಿನಿಂದ ಎರಡು ಸಲ ಕೇಳಿಸಿತು. ಅವರು ಚೊಂಬು ಚೊಂಬಾಗಿ ಹುಯ್ದುಕೊಂಡರು. ಅಳುತ್ತಿದ್ದರು. ನಾನು ಗಾಡಿಯ ಆಚೆ ಬದಿಗೆ ಹೋಗಿ ನಿಂತುಕೊಂಡೆ.

ದರ್ಶನ ಚೆನ್ನಾಗಿಯೇ ಆಯಿತು. ಊರಿನವರು ಗುರುತು ಹಿಡಿದು ಮಾತಾಡಿಸಿದರು. ಮುಂದಿನ ಪ್ರಯಾಣ ಗೌರಿಹಬ್ಬ ಕಳೆಯಲಿ ಎಂದರು, ಅದಾದ ಮೇಲೆ ಪಕ್ಷ ಬಂತು, ಪಿತೃಪಕ್ಷದಲ್ಲಿ ಹೊರಡುವ ಹಾಗಿಲ್ಲ. ಆ ಪಕ್ಷದಲ್ಲೇ ಆಕೆಗೆ ಇನ್ನೊಂದು ಸಲ ಲಕ್ವ ಹೊಡೆಯಿತು. ನನಗೆ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಚಳಿಗಾಲ ಕಳೆದ ಮೇಲೆ ಮೇಷ್ಟ್ರು ಗಾಡಿ ತಂದು ಬಿಟ್ಟರು. ಬಚ್ಚಲು ಕಿತ್ತು ಮತ್ತೆ ಸೀಟು ಹಾಕಿಕೊಡಿ, ಯಾರಾದರೂ ಕೊಳ್ಳಲಿ ಎಂದರು. ಜೇಬಿನಲ್ಲಿ ಸೀಮೆಸುಣ್ಣವಿತ್ತೋ ಇಲ್ಲವೋ, ಈ ಸಲ ಏನೂ ಬರೆಯಲಿಲ್ಲ. ಕಾಫಿ ತರಿಸಿದೆ, ಮುಟ್ಟಲಿಲ್ಲ.

"ಒಂದು ಮಾತು ಕೇಳ್ತೀನಿ. ನನ್ನ ಸಮಾಧಾನಕ್ಕೆ ಅಂತ ಹೇಳ್ಬೇಡಿ," ಎಂದರು. "ಅವತ್ತು ಕೊರವಂಗಲದಲ್ಲಿ ಆ ಗೀಸರ್ ಇದ್ದಿದ್ರೆ, ಆ ಒಂದು ಸ್ನಾನಕ್ಕೆ, ಅವಳಿಗೇನಾದ್ರೂ ಆಗ್ತಿತ್ತಾ?"

ಆಗುತ್ತಿತ್ತು ಎಂದುಬಿಟ್ಟರೆ ನನಗೂ ಹಗುರ, ಅವರಿಗೂ ಹಗುರ. ಇವತ್ತು ಅಂಥದೇ ಗಾಡಿ ಬಂದರೂ ನಾನು ಅದನ್ನು ಒಳಗಿಡುವವನಲ್ಲ. ಆದರೆ ನಾನು ಹೆದರಿದ್ದು ಮುಂದೆ ಅವರು ಊರೂರಲ್ಲಿ ಮಾಡಬೇಕಾಗಿದ್ದ ಸ್ನಾನಗಳಿಗೆ. ಆಕೆಗೆ ಸಿಕ್ಕಿದ್ದು ಅದೊಂದೇ. ಅವತ್ತು ನಾನು ಬಾಗಿಲಲ್ಲೇ ಇದ್ದೆ, ಮೇಷ್ಟ್ರೂ ಇದ್ದರು, ಒಳಗೆ ಮಾತು ನಿಂತರೆ ತಿಳಿಯುತ್ತಿತ್ತು.

"ಒಂದ್ ಸಲಕ್ಕೆ ಏನೂ ಆಗ್ತಿರ್ಲಿಲ್ಲ ಅನ್ಸುತ್ತೆ ಸಾ," ಎಂದೆ.

ಅವರು ನನ್ನನ್ನು ಬಯ್ಯಲಿಲ್ಲ. ತಲೆಯಾಡಿಸಿ, "ಹಾಗಾದ್ರೆ ಒಂದು ದಿನ ಸಾಕು ಅನ್ನೋವಷ್ಟು ಹುಯ್ಕೊಂಡಿರೋಳು," ಎಂದರು.

ನಾನು ಹೂಂ ಎಂದೆ.